ರಾಮನ್ ಕಂಡ ಕಣ್ಣು

ಸರ್ ಸಿ. ವಿ. ರಾಮನ್ ಅವರ ‘ದಿ ಫಿಸಿಯಾಲಜಿ ಆಫ್ ವಿಷನ್’ 1968ರಲ್ಲಿ ಬೆಂಗಳೂರಿನಿಂದ ಪ್ರಕಟವಾಯಿತು. ಎಂಬತ್ತರ ಅಂಚಿನಲ್ಲಿದ್ದ ಭೌತವಿಜ್ಞಾನಿಯೊಬ್ಬರು ವೈದ್ಯರ ಅಂಗಳಕ್ಕೆ ಕಾಲಿಟ್ಟ ಪುಸ್ತಕವಿದು.

ಅವರ ಪ್ರಯೋಗ ಸರಳ. ಕಣ್ಣಿನ ಮುಂದೆ ಬಣ್ಣದ ಫಿಲ್ಟರ್ ಹಿಡಿದು ಪ್ರಖರವಾಗಿ ಬೆಳಗಿದ ಬಿಳಿ ಪರದೆಯನ್ನು ದಿಟ್ಟಿಸಬೇಕು. ಆಮೇಲೆ ಥಟ್ಟನೆ ಫಿಲ್ಟರ್ ತೆಗೆಯಬೇಕು. ಆಗ ಪರದೆಯ ಮೇಲೆ ಕ್ಷಣಕಾಲ ಮೂಡುವ ಆಕೃತಿ ನೋಡುಗನದೇ ಅಕ್ಷಿಪಟದ ಹಿಗ್ಗಿದ ಚಿತ್ರವೆಂದು ರಾಮನ್ ವಾದಿಸಿದರು. ಈ ವೀಕ್ಷಣೆಗಳನ್ನು ಅವರು ವಿವರಿಸುವ ಪುಟಗಳು ಇಂದಿಗೂ ಓದಲು ಸೊಗಸು.

ತೊಡಕಿರುವುದು ತೀರ್ಮಾನದಲ್ಲಿ. ಬಣ್ಣದ ಅರಿವಿಗೆ ಮೂರು ಮೂಲ ಸಂವೇದನೆಗಳು ಸಾಕೆಂಬ ಯಂಗ್–ಹೆಲ್ಮ್‌ಹೋಲ್ಟ್ಸ್ ಸಿದ್ಧಾಂತವನ್ನು ಅವರು ತಳ್ಳಿಹಾಕಿದರು. ಆದರೆ ಅಕ್ಷಿಪಟದ ಶಂಕುಕೋಶಗಳಲ್ಲಿ ಮೂರು ಬಗೆಯ ವರ್ಣದ್ರವ್ಯಗಳಿರುವುದನ್ನು ಅಮೆರಿಕದ ಎರಡು ತಂಡಗಳು 1964ರಲ್ಲೇ ಅಳೆದು ತೋರಿಸಿದ್ದವು.

ರೋಗಿ ಹೇಳುವ ಲಕ್ಷಣವನ್ನು ವೈದ್ಯನಾಗಿ ನಾನು ಎಂದೂ ಕಡೆಗಣಿಸಿಲ್ಲ. ಆದರೂ ಪ್ರಯೋಗಾಲಯದ ವರದಿ ನೋಡದೆ ರೋಗನಿರ್ಣಯ ಮಾಡಲಾಗದು. ಇಲ್ಲಿ ರಾಮನ್ ತಾವೇ ರೋಗಿ, ತಾವೇ ವೈದ್ಯ.

ನಮ್ಮ ಮಕ್ಕಳಿಗೆ ರಾಮನ್ ಎಂದರೆ 1930ರ ನೊಬೆಲ್ ಅಷ್ಟೇ. ಈ ಪುಸ್ತಕವನ್ನೂ ಅವರ ಕೈಗಿಡೋಣ. ಆ ವಯಸ್ಸಿನಲ್ಲೂ ಹೊಸ ಪ್ರಶ್ನೆ ಕೇಳುವ ಉತ್ಸಾಹವನ್ನು ಕಲಿಯಲಿ. ಎಷ್ಟೇ ದೊಡ್ಡವರ ಮಾತನ್ನಾದರೂ ಪುರಾವೆಯ ಜೊತೆಗಿಟ್ಟು ನೋಡುವುದನ್ನೂ ಕಲಿಯಲಿ.