ತರಗತಿಯಲ್ಲಿ ಕಾವ್ಯವಾಚನ: ಪಂಜೆಯವರ ‘ಹಾವಿನ ಹಾಡು’

ಪ್ರಾಥಮಿಕ ತರಗತಿಯಲ್ಲಿ ಶಿಶುಗೀತೆಯ ಅಭಿನಯವನ್ನು ಅರ್ಥವಿವರಣೆಯ ಅನಂತರದ ಅಲಂಕಾರವೆಂದು ಎಣಿಸುವುದು ವಾಡಿಕೆ. ಪಂಜೆ ಮಂಗೇಶರಾಯರ (1874-1937) ‘ಹಾವಿನ ಹಾಡು’ ಈ ಎಣಿಕೆಯನ್ನು ಅಲ್ಲಗಳೆಯುತ್ತದೆ. ಇದರ ಪ್ರತಿ ನುಡಿಯೂ ಒಂದಕ್ಷರದ ಆವರ್ತನೆಯಿಂದ ಮುಗಿಯುತ್ತದೆ. ಆ ಅಕ್ಷರ ಮಾತ್ರ ನುಡಿಯಿಂದ ನುಡಿಗೆ ಬೇರೆ. ಹಾವನ್ನು ಅಕ್ಕರೆಯಿಂದ ಕರೆದ ದನಿಯೇ ಕೊನೆಗೆ ಅದನ್ನು ಹೊರಗಟ್ಟುತ್ತದೆ. ಈ ಪಲ್ಲಟವೇ ಪದ್ಯದ ಅರ್ಥ. ಅದು ತಿಳಿಯುವುದು ದನಿಯ ಏರಿಳಿತದಲ್ಲಿ. ಏಕಶ್ರುತಿಯ ಸಾಮೂಹಿಕ ಪಠಣದಲ್ಲಿ ಅದು ಅಳಿಸಿಹೋಗುತ್ತದೆ.

ಹೈದರಾಬಾದಿನ ಮಾದಾಪುರದಂತಹ ನೆಲೆಯಲ್ಲಿ, ಕನ್ನಡ ಮನೆಮಾತಾಗಿದ್ದೂ ಓದುಬರಹದ ಭಾಷೆಯಾಗದ ಮಕ್ಕಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಹೊರಗೆ ‘ಪಾಮು’, ಮನೆಯಲ್ಲಿ ‘ಹಾವು’ ಎಂದು ಕೇಳುವ ಮಗುವಿಗೆ ಲಿಪಿಗಿಂತ ಮೊದಲು ಕಿವಿಯೇ ಕನ್ನಡದ ಪಾಠಶಾಲೆ. ಆದುದರಿಂದ ಪ್ರತಿ ಮಗುವೂ ಒಂದೊಂದು ನುಡಿಯನ್ನು ತನ್ನದೇ ದನಿಯಲ್ಲಿ ಆಡಿ ತೋರಲಿ. ವಿವರಣೆ ಅನಂತರ ಬರಲಿ.