‘ಏಲಿಯನ್’ ಚಿತ್ರದ ಎರಡು ಪಾಠಗಳು

ಹಸ್ತಪ್ರತಿಗಳ ಪಾಠಾಂತರಗಳನ್ನು ತೂಗಿ ನೋಡುವ ಕ್ರಮವು ಮನೆಯಲ್ಲಿ ನೋಡಲೆಂದು ಹೊರಡಿಸುವ ಚಲನಚಿತ್ರದ ತಟ್ಟೆಗಳಿಗೂ ಸಲ್ಲುತ್ತದೆಂಬುದಕ್ಕೆ ರಿಡ್ಲಿ ಸ್ಕಾಟ್ ಅವರ ‘ಏಲಿಯನ್’ (1979) ತಕ್ಕ ನಿದರ್ಶನ. ಮೂಲದಲ್ಲಿ ವ್ಯೋಮನೌಕೆಯ ನಾಯಕ ಡಲ್ಲಾಸನು ಗಾಳಿಕೊಳವೆಯೊಳಗೆ ಕಾಣೆಯಾಗುತ್ತಾನೆ. ಅವನ ಗತಿಯೇನಾಯಿತೆಂಬುದು ಪ್ರೇಕ್ಷಕನಿಗೆ ಕಡೆಯವರೆಗೂ ತಿಳಿಯದು. ಅನ್ಯಗ್ರಹದ ಜೀವಿಯ ಗೂಡಿನಲ್ಲಿ ಅವನು ಬಂಧಿತನಾಗಿರುವ ದೃಶ್ಯವನ್ನು ಚಿತ್ರೀಕರಿಸಿ ಕೈಬಿಡಲಾಗಿತ್ತು. 1999ರ ಡಿ.ವಿ.ಡಿ. ಅದನ್ನು ಅನುಬಂಧವಾಗಿ ಕೊಟ್ಟಿತು. 2003ರ ನಿರ್ದೇಶಕರ ಪರಿಷ್ಕರಣವು ಕಥೆಯೊಳಗೇ ಸೇರಿಸಿತು. (ಆದರೂ ಒಟ್ಟು ಅವಧಿ ಒಂದು ನಿಮಿಷದಷ್ಟು ಇಳಿದಿದೆ, ಕತ್ತರಿ ಬೇರೆಡೆ ಆಡಿದೆ.) ಸಂಗಾತಿಗಳೆಲ್ಲ ಅಳಿದು ರಿಪ್ಲಿಯೊಬ್ಬಳೇ ಪಾರಾಗಲು ಧಾವಿಸುವಾಗ ಈ ದೃಶ್ಯ ಅಡ್ಡಬರುತ್ತದೆ, ಕಾಣದುದಕ್ಕೆ ವಿವರಣೆ ದೊರೆತು ಭಯ ತಗ್ಗುತ್ತದೆ. ಕರ್ತೃವೇ ತಿದ್ದಿದನೆಂಬ ಮಾತ್ರಕ್ಕೆ ಕಡೆಯ ಪಾಠವನ್ನು ಶ್ರೇಷ್ಠವೆನ್ನಲು ನಾವು ಸಿದ್ಧರಿಲ್ಲ. ಆದರೆ 2003ರ ಡಿ.ವಿ.ಡಿ. ಎರಡು ಪಾಠಗಳನ್ನೂ ಒಟ್ಟಿಗೆ ನೀಡಿ, ತೀರ್ಪನ್ನು ನೋಡುವವರಿಗೇ ಬಿಟ್ಟಿತು.

ಈ ಮರ್ಯಾದೆ ನಮ್ಮಲ್ಲಿಯೂ ಬೇಕು. ಚಿತ್ರದುರ್ಗದಲ್ಲಿ ಚಿತ್ರೀಕರಣಗೊಂಡ ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) 2018ರಲ್ಲಿ ಸಿನಿಮಾಸ್ಕೋಪ್ ರೂಪದಲ್ಲಿ ಮತ್ತೆ ತೆರೆಕಂಡಿತು. ಎತ್ತರದ 1.37 ಪಟ್ಟು ಅಗಲವಿರುವ ಬಿಂಬವನ್ನು 2.35 ಪಟ್ಟಿಗೆ ಹೊಂದುವಂತೆ ಕತ್ತರಿಸಿದರೆ ಎತ್ತರದಲ್ಲಿ ನೂರಕ್ಕೆ ಸುಮಾರು 42 ಭಾಗ ಹೋಗುತ್ತದೆ. ಬತೇರಿಯ ತುದಿಯನ್ನು ಬಿಡುವುದೋ, ಬುಡದ ಬಂಡೆಯನ್ನೋ? ಇತಿಹಾಸದ ವಿದ್ಯಾರ್ಥಿಗೆ ಆ ಚಿತ್ರವು ಅಂದಿನ ಕೋಟೆಯ ದಾಖಲೆಯೂ ಹೌದು. ಆದಕಾರಣ ಹೊಸ ರೂಪದೊಡನೆ ಹಳೆಯ ಚೌಕಟ್ಟೂ ಒಂದೇ ಸಂಪುಟದಲ್ಲಿ ದೊರೆಯಬೇಕೆಂಬುದು ನಮ್ಮ ಆಗ್ರಹ.