ಮುದ್ರೆ ಬೀಳದ ಕಾಟಾ

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ತೂಗುವ ಎಲೆಕ್ಟ್ರಾನಿಕ್ ಕಾಟಾಕ್ಕೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ಪರೀಕ್ಷೆಗೆ ಬರುವ ಅಧಿಕಾರಿ ಅಂಗಡಿಯಲ್ಲಿರುವ ತೂಕದ ಕಲ್ಲುಗಳಿಂದಲೇ ಕಾಟಾ ಪರೀಕ್ಷಿಸುವುದಿಲ್ಲ, ಪ್ರಮಾಣಿತ ಕಲ್ಲುಗಳನ್ನು ತಾವೇ ತರುತ್ತಾರೆ. ಅದೇ ಅಂಗಡಿಕಾರನ ಕಿಸೆಯಲ್ಲಿರುವ ಮೊಬೈಲು ಈಗ ಕೋಣೆಯ ಉದ್ದ ಅಳೆಯುತ್ತದೆ, ಇನ್ನೂ ಕೊಳ್ಳದ ಕುರ್ಚಿಯನ್ನು ಪಡಸಾಲೆಯಲ್ಲಿ ಇಟ್ಟು ತೋರಿಸುತ್ತದೆ. ಈ ಅಳತೆಯನ್ನು ಪರೀಕ್ಷಿಸುವ ಕಲ್ಲು ಯಾರ ಕೈಯಲ್ಲಿದೆ? ಇಂಥ ಆಗ್ಮೆಂಟೆಡ್ ರಿಯಾಲಿಟಿ ಸಾಧನಗಳ ಕ್ಯಾಲಿಬ್ರೇಷನ್, ಅಂದರೆ ಅಳತೆ ಹೊಂದಿಸುವ ಪದ್ಧತಿಯನ್ನು ಈ ಪ್ರಶ್ನೆ ಇಟ್ಟುಕೊಂಡೇ ಒರೆಗೆ ಹಚ್ಚಬೇಕು.

ಕುರ್ಚಿ ಇಟ್ಟಲ್ಲೇ ನಿಲ್ಲಬೇಕಾದರೆ ಮೊಬೈಲಿಗೆ ತಾನು ಎಲ್ಲಿದ್ದೇನೆ ಎಂಬುದು ಕ್ಷಣಕ್ಷಣಕ್ಕೂ ಗೊತ್ತಿರಬೇಕು. ಕ್ಯಾಮೆರಾ ಸುತ್ತಲಿನ ಗುರುತುಗಳನ್ನು ನೋಡುತ್ತದೆ. ಚಲನೆಯ ಸೆನ್ಸರ್‌ಗಳು ತಿರುವನ್ನೂ ವೇಗದ ಏರಿಳಿತವನ್ನೂ ಹೇಳುತ್ತವೆ. ಇಬ್ಬರ ಮಾತೂ ಕೂಡಬೇಕಾದರೆ ಮೂರು ಸಂಗತಿ ತಿಳಿದಿರಬೇಕು: ಲೆನ್ಸ್ ಚಿತ್ರವನ್ನು ಎಷ್ಟು ಬಾಗಿಸುತ್ತದೆ, ಕ್ಯಾಮೆರಾಕ್ಕೂ ಸೆನ್ಸರಿಗೂ ನಡುವೆ ಎಷ್ಟು ಅಂತರ ಮತ್ತು ಓರೆ ಇದೆ, ಇವೆರಡರ ಗಡಿಯಾರಗಳ ನಡುವೆ ಎಷ್ಟು ಸಮಯದ ವ್ಯತ್ಯಾಸವಿದೆ.

ಇವನ್ನು ಲೆಕ್ಕ ಹಾಕುವ ವಿದ್ಯೆಯನ್ನು ಬಡ ಪ್ರಯೋಗಾಲಯಕ್ಕೂ ಎಟುಕಿಸಿದವರಿಗೆ ಮೊದಲು ಕೈಮುಗಿಯಬೇಕು. ಝೆಂಗ್ಯೂ ಝಾಂಗ್ 2000ದಲ್ಲಿ ಪ್ರಕಟಿಸಿದ ವಿಧಾನಕ್ಕೆ ದುಬಾರಿ ಉಪಕರಣ ಬೇಡ. ಚದುರಂಗದ ಮನೆಗಳನ್ನು ಮುದ್ರಿಸಿದ ಹಾಳೆಯನ್ನು ಸಮತಟ್ಟಾದ ಹಲಗೆಗೆ ಅಂಟಿಸಿ, ಬೇರೆ ಬೇರೆ ಓರೆಯಲ್ಲಿ ಚಿತ್ರ ತೆಗೆದರೆ ಸಾಕು. ಜ್ಯೂರಿಕ್‌ನ ಇಟಿಎಚ್‌ನಲ್ಲಿ ಫರ್ಗಲ್, ರೇಡರ್, ಸೀಗ್‌ವಾರ್ಟ್ ಸೇರಿ 2013ರಲ್ಲಿ ಮುಂದಿಟ್ಟ ವಿಧಾನ, ಕ್ಯಾಮೆರಾ ಮತ್ತು ಸೆನ್ಸರ್‌ಗಳ ನಡುವಿನ ಅಂತರವನ್ನೂ ಸಮಯದ ವ್ಯತ್ಯಾಸವನ್ನೂ ಒಟ್ಟಿಗೇ ಲೆಕ್ಕ ಹಾಕುತ್ತದೆ. ಅದು ಕ್ಯಾಲಿಬರ್ ಎಂಬ ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ಸಿಗುತ್ತದೆ.

ನನ್ನ ತಕರಾರು ಇರುವುದು ಲೆಕ್ಕ ಮುಗಿದ ಮೇಲೆ ತೀರ್ಪು ಕೊಡುವ ರೀತಿಯ ಬಗ್ಗೆ. ಹಲಗೆಯ ಮೇಲಿನ ಮನೆಗಳ ಮೂಲೆಗಳು ಚಿತ್ರದಲ್ಲಿ ಎಲ್ಲಿ ಬೀಳಬೇಕಿತ್ತು, ಎಲ್ಲಿ ಬಿದ್ದವು ಎಂಬ ವ್ಯತ್ಯಾಸಕ್ಕೆ ರೀಪ್ರೊಜೆಕ್ಷನ್ ದೋಷ ಎನ್ನುತ್ತಾರೆ. ಅದು ಅರ್ಧ ಪಿಕ್ಸೆಲ್‌ಗಿಂತ ಕೆಳಗೆ ಇಳಿದರೆ ಕೆಲಸ ಆಯಿತೆಂದು ಎದ್ದುಬಿಡುವುದು ರೂಢಿ. ಆದರೆ ಪ್ರಿಂಟರು ಹಾಳೆಗೆ ಹೊಂದಿಸಲು 30 ಮಿಲಿಮೀಟರ್ ಮನೆಯನ್ನು 29ಕ್ಕೆ ಕುಗ್ಗಿಸಿದೆ ಎಂದಿಟ್ಟುಕೊಳ್ಳಿ. ಲೆನ್ಸಿನ ಲೆಕ್ಕ ಕೆಡುವುದಿಲ್ಲ, ರೀಪ್ರೊಜೆಕ್ಷನ್ ದೋಷ ಕೂದಲಷ್ಟೂ ಏರುವುದಿಲ್ಲ. ಹಲಗೆ ಎಷ್ಟು ದೂರದಲ್ಲಿದೆ ಎಂಬುದು ಮಾತ್ರ ನೂರಕ್ಕೆ ಮೂರರಷ್ಟು ತಪ್ಪಿರುತ್ತದೆ. ಎಲ್ಲ ಚಿತ್ರಗಳಲ್ಲೂ ಹಲಗೆಯನ್ನು ನಡುವಿನಲ್ಲೇ ಹಿಡಿದರೂ ಅಷ್ಟೇ: ಲೆನ್ಸ್ ಹೆಚ್ಚು ಬಾಗಿಸುವ ಅಂಚುಗಳ ಬಗ್ಗೆ ಏನೂ ತಿಳಿಯದೆಯೇ ಒಳ್ಳೆಯ ಅಂಕ ಬರುತ್ತದೆ. ಅಂಗಡಿಯ ಕಲ್ಲಿನಿಂದ ಅಂಗಡಿಯ ಕಾಟಾ ಪರೀಕ್ಷಿಸಿದಂತೆ ಇದು.

ಚಲನೆಯ ಸೆನ್ಸರಿನಲ್ಲಿ ತಪ್ಪು ಇನ್ನೂ ಆಳವಾಗಿ ಅಡಗುತ್ತದೆ. ಮೇಜಿನ ಮೇಲೆ ಸುಮ್ಮನಿಟ್ಟ ಮೊಬೈಲೂ ಭೂಮಿಯ ಗುರುತ್ವವನ್ನು ದಾಖಲಿಸುತ್ತಲೇ ಇರುತ್ತದೆ. ನಿಜವಾದ ಚಲನೆ ತಿಳಿಯಲು ಅದನ್ನು ಕಳೆಯಬೇಕು. ಎಷ್ಟು ಕಳೆಯಬೇಕು? ಕ್ಯಾಮೆರಾ, ಸೆನ್ಸರ್ ಎರಡರ ಮಾತನ್ನೂ ಕೂಡಿಸುವ, ಹಾಂಗ್‌ಕಾಂಗ್‌ನಲ್ಲಿ ರೂಪುಗೊಂಡ ವಿನ್ಸ್-ಮೋನೊ ತಂತ್ರಾಂಶದ ಮಾದರಿ ಕಡತದಲ್ಲಿ ಈ ಮೌಲ್ಯ 9.81 (ಮೀ/ಸೆ²). ಆ ಕಡತ ಜ್ಯೂರಿಕ್‌ನಲ್ಲಿ ಸಂಗ್ರಹಿಸಿದ ದತ್ತಾಂಶಕ್ಕಾಗಿ ಬರೆದದ್ದು, ಅಲ್ಲಿಗೆ ಅದು ಸರಿ. ನಮ್ಮ ಧಾರವಾಡ ಇರುವುದು ಸಮಭಾಜಕದಿಂದ ಸುಮಾರು 15.5 ಡಿಗ್ರಿ ಉತ್ತರಕ್ಕೆ, ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲೆ. ಇಲ್ಲಿ ಗುರುತ್ವ ಸುಮಾರು 9.78. ಕಡತವನ್ನು ಹಾಗೆಯೇ ಇಳಿಸಿಕೊಂಡರೆ 0.03ರ ವ್ಯತ್ಯಾಸ ಉಳಿಯುತ್ತದೆ. ಕ್ಯಾಮೆರಾದ ಆಸರೆ ಇಲ್ಲದಿದ್ದರೆ ಹತ್ತೇ ಸೆಕೆಂಡಿನಲ್ಲಿ ಅದು ಒಂದೂವರೆ ಮೀಟರಾಗಿ ಬೆಳೆಯುತ್ತದೆ. ಕ್ಯಾಮೆರಾ ಇದ್ದರೆ ಈ ತಪ್ಪು ಸೆನ್ಸರಿನ ದೋಷವೆಂಬ ಖಾತೆಗೆ ಜಮೆಯಾಗಿ ಕೂರುತ್ತದೆ. ಮೊಬೈಲನ್ನು ಓರೆ ಮಾಡಿದಾಗ ಆ ಸುಳ್ಳು ಜಮೆ ಬೇರೆ ದಿಕ್ಕಿಗೆ ಎಳೆಯತೊಡಗುತ್ತದೆ. ಹಳೆಯ ಮನೆಗಳ ಸುಣ್ಣ ಬಳಿದ ಬಿಳಿ ಗೋಡೆಯ ಮುಂದೆ ಕ್ಯಾಮೆರಾಕ್ಕೆ ಹಿಡಿಯಲು ಗುರುತೇ ಸಿಗುವುದಿಲ್ಲ. ಆಗ ಭಾರವೆಲ್ಲ ಈ ಸೆನ್ಸರಿನ ಮೇಲೆಯೇ.

ಸಮಯದ ವ್ಯತ್ಯಾಸವೂ ಸಣ್ಣದಲ್ಲ. ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ ಮೊಬೈಲನ್ನು ತಿರುಗಿಸಿದಾಗ 10 ಮಿಲಿಸೆಕೆಂಡ್ ತಡವಾದರೆ ಒಂದು ಡಿಗ್ರಿ ತಪ್ಪುತ್ತದೆ. ಸಾಮಾನ್ಯ ಕ್ಯಾಮೆರಾದಲ್ಲಿ ಅದು ಹಲವು ಪಿಕ್ಸೆಲ್‌ಗಳಷ್ಟು. ಅರ್ಧ ಪಿಕ್ಸೆಲ್‌ಗಾಗಿ ಹೆಣಗಿದ ಶ್ರಮವೆಲ್ಲ ಅಲ್ಲಿ ತೊಳೆದುಹೋಗುತ್ತದೆ.

ಹವೆಯ ಮಾತು ಬಂದರೆ ನನಗೆ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ನೆನಪಾಗುತ್ತಾರೆ. 1800ರಲ್ಲಿ ಬೆಂಗಳೂರಿನ ಬಳಿ ಭೂಮಾಪನದ ಆಧಾರರೇಖೆ ಅಳೆದಾಗ ಅವರು ಉಕ್ಕಿನ ಸರಪಳಿಯ ಜೊತೆಗೆ ಥರ್ಮಾಮೀಟರನ್ನೂ ಇಟ್ಟು, ಬಿಸಿಗೆ ಸರಪಳಿ ಹಿಗ್ಗುವುದನ್ನು ಲೆಕ್ಕಕ್ಕೆ ಹಿಡಿದರು. ಇಂದಿನ ಸೆನ್ಸರಿನ ದೋಷವೂ ಬಿಸಿಯೇರಿದಂತೆ ಬದಲಾಗುತ್ತದೆ. ಹಲಗೆಗೆ ಅಂಟಿಸಿದ ಹಾಳೆ ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ. ಹೀಗಿದ್ದೂ ಕ್ಯಾಲಿಬ್ರೇಷನ್ ಕಡತದಲ್ಲಿ ತಾಪಮಾನ ಬರೆಯುವ ರೂಢಿ ಬೆಳೆದಿಲ್ಲ.

ಸಾಧನ ತನ್ನನ್ನು ತಾನೇ ತಿದ್ದಿಕೊಳ್ಳುತ್ತದಲ್ಲ ಎಂದು ಕೇಳಬಹುದು. ನಿಜ. ಬಳಕೆಯಲ್ಲಿರುವಾಗಲೇ ದೋಷ ಅಂದಾಜಿಸಿ ಸರಿಪಡಿಸಿಕೊಳ್ಳುವ ವಿಧಾನಗಳು ಈ ಕ್ಷೇತ್ರದ ದೊಡ್ಡ ಗೆಲುವು. ಗೂಗಲ್ ಕೂಡ ತನ್ನ ಆಗ್ಮೆಂಟೆಡ್ ರಿಯಾಲಿಟಿ ವ್ಯವಸ್ಥೆಯಾದ ಎಆರ್‌ಕೋರ್‌ನ ಪಟ್ಟಿಗೆ ಮೊಬೈಲಿನ ಒಂದು ಮಾದರಿಯನ್ನು ಸೇರಿಸುವ ಮುಂಚೆ ಅದರ ಕ್ಯಾಮೆರಾ ಮತ್ತು ಸೆನ್ಸರ್‌ಗಳನ್ನು ಪರೀಕ್ಷಿಸುತ್ತದೆ. ಆದರೆ ಸ್ವಯಂ ತಿದ್ದುಪಡಿಗೆ ಚಲನೆಯಲ್ಲಿ ಏರಿಳಿತ ಬೇಕು. ಒಂದೇ ಕ್ಯಾಮೆರಾ ಹಿಡಿದು ಒಂದೇ ವೇಗದಲ್ಲಿ ನೇರವಾಗಿ ನಡೆದರೆ, ಎದುರಿನ ಬಾಗಿಲು ಆರಡಿಯದೋ ಏಳಡಿಯದೋ ಎಂದು ನಿರ್ಧರಿಸಲು ಬೇಕಾದ ಮಾಹಿತಿಯೇ ಸಾಧನಕ್ಕೆ ಸಿಗುವುದಿಲ್ಲ. ಸಿಗದಿದ್ದಾಗಲೂ ಪರದೆಯ ಮೇಲೆ ಅಂಕಿ ಮೂಡುತ್ತದೆ, ಅದೂ ಸೆಂಟಿಮೀಟರ್ ಲೆಕ್ಕದಲ್ಲಿ.

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಮುದ್ರಿಸಿದ ಮನೆಗಳನ್ನು ಉಕ್ಕಿನ ಪಟ್ಟಿಯಿಂದ ಅಳೆಯಬೇಕು. ಹಾಳೆಯನ್ನು ಗಾಜಿಗೆ ಅಂಟಿಸಬೇಕು. ಸಾಧನ ಬಳಸುವ ಊರಿನ ಗುರುತ್ವವನ್ನೇ ಕಡತಕ್ಕೆ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾಲಿಬ್ರೇಷನ್ನಿಗೆ ಬಳಸದ ಬೇರೊಂದು ಅಳತೆ ಇರಬೇಕು: ಟೇಪು ಹಿಡಿದು ಅಳೆದ ಒಂದು ಕಾರಿಡಾರು, ಅದರ ಎರಡು ತುದಿಗೆ ಎರಡು ಗುರುತು. ಅಲ್ಲಿ ಹೋಗಿ ಬಂದಾಗ ಸಾಧನ ಎಷ್ಟು ತಪ್ಪಿತು ಎಂಬುದನ್ನು ದಿನಾಂಕ, ತಾಪಮಾನದ ಜೊತೆಗೆ ಬರೆದಿಡಬೇಕು. ಐಐಟಿ ಧಾರವಾಡ, ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಇರುವ ಈ ಅವಳಿ ನಗರದಲ್ಲಿ ಅಂಥ ಒಂದು ಕಾರಿಡಾರು ಎಲ್ಲರಿಗೂ ತೆರೆದಿರಲಿ ಎಂಬುದು ನನ್ನ ಆಸೆ. ಅಮರಗೋಳದ ರೈತ ಕಾಟಾದ ಅಂಕಿಯನ್ನಷ್ಟೇ ನಂಬಿ ಚೀಲ ಇಳಿಸುವುದಿಲ್ಲ, ಮುದ್ರೆಯನ್ನೂ ನಂಬುತ್ತಾನೆ. ಆ ಮುದ್ರೆಗೆ ಬೆಲೆ ಬಂದದ್ದು ಹೊರಗಿನಿಂದ ತಂದ ಕಲ್ಲಿನಿಂದ.